ಸನ್ನದಿನ ಪಟ್ಟಿ, ಕೊಳ್ಳೆಯ ಪಟ್ಟಿ

ಸ್ಕಾಟ್ಲೆಂಡಿನ ಅರ್ಕರ್ಟ್ ಕೋಟೆಯ ಹೆಬ್ಬಾಗಿಲ ಪಕ್ಕದಲ್ಲಿ ಭಾರಿ ಗಾತ್ರದ ಕಲ್ಲಿನ ಮುದ್ದೆಯೊಂದು ಹುಲ್ಲಿನ ಮೇಲೆ ಓರೆಯಾಗಿ ಬಿದ್ದಿದೆ. ದೂರದಿಂದ ನೋಡಿದವರಿಗೆ ಅದು ಗುಡ್ಡದಿಂದ ಉರುಳಿಬಂದ ಬಂಡೆಯಂತೆ ಕಾಣುತ್ತದೆ. ನಾನೂ ಹಾಗೆಯೇ ತಿಳಿದು ಮುಂದೆ ಹೋಗಿದ್ದೆ. ಹಿಂದಿರುಗಿ ಬರುವಾಗ ಹತ್ತಿರ ನಿಂತು ನೋಡಿದರೆ ಕಲ್ಲು ಕಲ್ಲಿನ ನಡುವೆ ಸುಣ್ಣದ ಗಾರೆ ಕಾಣಿಸಿತು. ಅದು ಬಂಡೆಯಲ್ಲ, ಗೋಡೆ. ಕಟ್ಟಿದವನು ಸಮವಾಗಿ ಜೋಡಿಸಿಕೊಂಡು ಹೋಗಿದ್ದ ಕಲ್ಲಿನ ಸಾಲುಗಳು ಈಗ ಆಕಾಶಕ್ಕೆ ಓರೆಯಾಗಿ ಮುಖ ಮಾಡಿವೆ. ಸಾಮಾನ್ಯವಾಗಿ ಹಳೆಯ ಗೋಡೆ ಬೀಳುವಾಗ ಗಾರೆ ಸಡಿಲವಾಗಿ ಕಲ್ಲುಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಇಲ್ಲಿ ಗಾರೆ ಕಲ್ಲನ್ನು ಬಿಟ್ಟುಕೊಟ್ಟಿಲ್ಲ. ಗೋಡೆಯ ಒಂದು ಭಾಗಕ್ಕೆ ಭಾಗವೇ ಕಿತ್ತು ಎದ್ದು, ಹೇಗೆ ಎದ್ದಿತೋ ಹಾಗೆಯೇ ಬಿದ್ದಿದೆ. ಮಳೆಗಾಳಿಗೆ ಬಿದ್ದ ಗೋಡೆ ಹೀಗಿರುವುದಿಲ್ಲ. ಕೆಳಗಿನಿಂದ ಮದ್ದು ಸಿಡಿದರೆ ಮಾತ್ರ ಹೀಗಾಗುತ್ತದೆ.

ಆ ಮದ್ದನ್ನು ಇಟ್ಟವರು ಶತ್ರುಗಳಲ್ಲ, ಕೋಟೆಯನ್ನು ಕಾಯುತ್ತಿದ್ದ ಸೈನಿಕರೇ. ಈ ಒಂದು ಸಂಗತಿ ತಲೆಯಲ್ಲಿ ಕುಳಿತ ಮೇಲೆ ಉಳಿದ ಕೋಟೆಯನ್ನು ಮತ್ತೊಮ್ಮೆ ಮೊದಲಿನಿಂದ ಸುತ್ತಬೇಕಾಯಿತು. ಇನ್ವರ್‌ನೆಸ್ ಪಟ್ಟಣದಲ್ಲಿ ಕೆಲಸ ಮಾಡುವ ಮಗಳು ನನ್ನನ್ನು ಬಸ್ಸಿನಲ್ಲಿ ಇಲ್ಲಿಗೆ ಕರೆದುಕೊಂಡು ಬಂದಿದ್ದಳು. ಎರಡನೆಯ ಸುತ್ತಿಗೆ ಹೊರಟಾಗ ಅವಳು, "ಅಪ್ಪಾ, ಇಲ್ಲಿಗೆ ಬಂದವರೆಲ್ಲ ನೀರು ನೋಡ್ತಿದ್ದಾರೆ, ನೀವೊಬ್ಬರು ಗೋಡೆ ನೋಡ್ತಿದ್ದೀರಿ" ಎಂದಳು. ಮಾತು ನಿಜ. ಕೋಟೆಯ ಕಾಲಬುಡದಲ್ಲಿರುವುದು ಲಾಕ್ ನೆಸ್ ಸರೋವರ. ಬಂದ ಪ್ರವಾಸಿಗರಲ್ಲಿ ಬಹುಪಾಲು ಜನ ಕಲ್ಲಿನ ಕಡೆಗೆ ಬೆನ್ನು ಹಾಕಿ, ಅದರೊಳಗೆ ಇದೆಯೆಂದು ಜನ ನಂಬುವ ದೈತ್ಯಪ್ರಾಣಿ ನೀರಿನಿಂದ ಎದ್ದೀತೇ ಎಂದು ಮೊಬೈಲ್ ಹಿಡಿದು ನಿಂತಿದ್ದರು.

ನೀರು ನೋಡುವಂಥದ್ದೇ, ಅದನ್ನು ಅಲ್ಲಗಳೆಯುವುದಿಲ್ಲ. ಸ್ಕಾಟ್ಲೆಂಡಿನ ಉತ್ತರದ ಮಲೆನಾಡನ್ನು ನೈಋತ್ಯದಿಂದ ಈಶಾನ್ಯಕ್ಕೆ ಗರಗಸದಿಂದ ಕೊಯ್ದಂತೆ ಸೀಳಿರುವ ಒಂದು ಭೂಸ್ತರಭಂಗವಿದೆ. ಆ ಸೀಳಿನ ಉದ್ದಕ್ಕೂ ಹಿಮಯುಗದ ಹಿಮನದಿಗಳು ಕೊರೆದ ತಗ್ಗಿನಲ್ಲಿ ನಿಂತ ನೀರೇ ಈ ಸರೋವರ. ಉದ್ದ ಸುಮಾರು 37 ಕಿಲೋಮೀಟರ್, ಅತಿ ಆಳದ ಜಾಗದಲ್ಲಿ ಸುಮಾರು 230 ಮೀಟರ್. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಕೆರೆ ಸರೋವರಗಳ ನೀರನ್ನು ಕೂಡಿಸಿದರೂ ಇದೊಂದರ ನೀರಿಗೆ ಸಮವಾಗುವುದಿಲ್ಲ. ಸುತ್ತಲ ಗುಡ್ಡಗಳಲ್ಲಿ ಕೊಳೆತ ಪಾಚಿ ಹುಲ್ಲಿನಿಂದಾದ ಕಪ್ಪು ಮಣ್ಣಿನ ಮೂಲಕ ಹರಿದು ಬರುವುದರಿಂದ ನೀರಿನ ಬಣ್ಣ ತೆಳು ಮಾಡಿದ ಕಾಫಿ ಡಿಕಾಕ್ಷನ್ನಿನಂತೆ. ದಡದಲ್ಲಿ ಕೈ ಅದ್ದಿದರೆ ಬೆರಳು ಕಂದಾಗಿ ಕಾಣುತ್ತದೆ, ನಾಲ್ಕು ಹೆಜ್ಜೆ ಆಚೆಗೆ ಏನೂ ಕಾಣುವುದಿಲ್ಲ. ಇಷ್ಟು ಆಳದ ನೀರು ಎಂಥ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ವಾಯವ್ಯ ದಡದಿಂದ ಈ ನೀರಿಗೆ ಚಾಚಿಕೊಂಡಿರುವ ನೆಲದ ತುದಿಗೆ ಸ್ಟ್ರೋನ್ ಎಂದು ಹೆಸರು. ಗೇಲಿಕ್ ಭಾಷೆಯಲ್ಲಿ ಅದಕ್ಕೆ ಮೂಗು ಎಂದರ್ಥ. ಕೋಟೆ ಕುಳಿತಿರುವುದು ಆ ಮೂಗಿನ ಮೇಲೆ. ಇಲ್ಲಿ ನಿಂತವನಿಗೆ ಸರೋವರದ ಎರಡೂ ದಿಕ್ಕು ಮೈಲುಗಟ್ಟಲೆ ಕಾಣುತ್ತದೆ. ರಸ್ತೆಗಳಿಲ್ಲದ ಕಾಲದಲ್ಲಿ ಈ ಸೀಳೇ ಪೂರ್ವ ಮತ್ತು ಪಶ್ಚಿಮ ಕರಾವಳಿಗಳ ನಡುವಿನ ಹೆದ್ದಾರಿಯಾಗಿತ್ತು. ದಂಡು ಬಂದರೂ ದನಗಳ್ಳರು ಬಂದರೂ ಈ ಮೂಗಿನ ಮುಂದೆಯೇ ಹಾಯಬೇಕಿತ್ತು. ಕೋಟೆ ಏಕೆ ಇಲ್ಲಿದೆ ಎಂಬುದಕ್ಕೂ, ಅದು ಏಕೆ ಅಷ್ಟು ಸಲ ಲೂಟಿಯಾಯಿತು ಎಂಬುದಕ್ಕೂ ಉತ್ತರ ಒಂದೇ.

ಈ ಜಾಗದ ಹೆಸರು ಬರಹದಲ್ಲಿ ಕಾಣಿಸುವುದು ಕೋಟೆಗಿಂತ ಬಹಳ ಹಿಂದೆ. ಆರನೆಯ ಶತಮಾನದಲ್ಲಿ ಐರ್ಲೆಂಡಿನಿಂದ ಬಂದ ಸಂತ ಕೊಲಂಬ ಈ ದಾರಿಯಲ್ಲಿ ಹೋಗುತ್ತಾ, ಅಯರ್ಕಾರ್ಟ್‌ಡನ್ ಎಂಬಲ್ಲಿ ಸಾವಿನ ಅಂಚಿನಲ್ಲಿದ್ದ ಎಮ್ಕತ್ ಎಂಬ ಮುದುಕನಿಗೂ ಅವನ ಮಗ ವಿರೊಲೆಕ್‌ಗೂ ದೀಕ್ಷಾಸ್ನಾನ ಮಾಡಿಸಿದನೆಂದು, ನೂರು ವರ್ಷಗಳ ನಂತರ ಅವನ ಚರಿತ್ರೆ ಬರೆದ ಅಡೊಮ್ನಾನ್ ಹೇಳುತ್ತಾನೆ. ಆಗ ಈ ನಾಡಿನಲ್ಲಿದ್ದವರು ಪಿಕ್ಟರು. ಕೋಟೆಯ ಒಂದು ತುದಿಯ ದಿಣ್ಣೆಯ ಮೇಲೆ, ಬೆಂಕಿಯ ಝಳಕ್ಕೆ ಕರಗಿ ಗಾಜಿನಂತೆ ಒಂದಕ್ಕೊಂದು ಅಂಟಿಕೊಂಡ ಕಲ್ಲುಗಳು ಸಿಕ್ಕಿವೆ. 1983ರಲ್ಲಿ ಪುರಾತತ್ತ್ವಜ್ಞ ಲೆಸ್ಲಿ ಆಲ್ಕಾಕ್ ಅಲ್ಲಿ ಅಗೆದು ನೋಡಿದಾಗ, ಮಧ್ಯಯುಗದ ಕೋಟೆಗೆ ಮೊದಲೇ ಆ ದಿಣ್ಣೆಯ ಮೇಲೆ ಪಿಕ್ಟರ ಕಾಲದ ಒಂದು ಕೋಟೆ ಇತ್ತೆಂಬುದು ಖಚಿತವಾಯಿತು. ಮರದ ತೊಲೆಗಳನ್ನು ಹೆಣೆದು ಕಟ್ಟಿದ ಕಲ್ಲಿನ ಗೋಡೆಗೆ ಬೆಂಕಿ ಬಿದ್ದು ಹೊತ್ತಿ ಉರಿದಾಗ ಕಲ್ಲು ಹೀಗೆ ಕರಗುವುದುಂಟು. ಎಂದರೆ ಇಲ್ಲಿ ಮೊದಲ ಕೋಟೆಯ ಗುರುತು ಉಳಿದಿರುವುದೂ ಅದು ಹಾಳಾದ ಬಗೆಯಿಂದಲೇ.

ಈಗ ಕಾಣುವ ಕಲ್ಲುಕೋಟೆಯ ಆರಂಭ ಹದಿಮೂರನೆಯ ಶತಮಾನದ್ದು. ದೊರೆ ಎರಡನೆಯ ಅಲೆಕ್ಸಾಂಡರ್ ಈ ಕಣಿವೆಯನ್ನು ಡರ್ವರ್ಡ್ ಮನೆತನಕ್ಕೆ ಕೊಟ್ಟ. ಆ ಮನೆಯ ಆಲನ್ ಡರ್ವರ್ಡ್ ಕೋಟೆ ಕಟ್ಟಿಸಿದನೆಂದು ತಿಳಿಯಲಾಗಿದೆ. ಡರ್ವರ್ಡ್ ಎಂಬುದು ಮೂಲದಲ್ಲಿ ಹುದ್ದೆಯ ಹೆಸರು, ಅರಮನೆಯ ದ್ವಾರಪಾಲಕ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಾಗಿಲಿನ ಮಾತು ಬರುತ್ತದೆ. 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಮೇಲೆ ಏರಿಬಂದಾಗ ಇದು ಅವನ ವಶವಾಯಿತು. ಮುಂದಿನ ಹನ್ನೊಂದು ವರ್ಷಗಳಲ್ಲಿ ಕೋಟೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಕೈ ಬದಲಾಯಿಸಿದ ವಿವರಗಳನ್ನು ಇಲ್ಲಿ ಕೊಟ್ಟರೆ ಓದುವವರಿಗೆ ತಲೆ ತಿರುಗುತ್ತದೆ. 1307ರಲ್ಲಿ ಸ್ಕಾಟರ ದೊರೆ ರಾಬರ್ಟ್ ಬ್ರೂಸ್ ಅದನ್ನು ಗೆದ್ದುಕೊಂಡಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ. ಬ್ರೂಸ್ ತೀರಿಕೊಂಡ ಮೇಲೆ, 1333ರಲ್ಲಿ ಹ್ಯಾಲಿಡನ್ ಹಿಲ್ ಕಾಳಗದಲ್ಲಿ ಸ್ಕಾಟರು ನೆಲಕಚ್ಚಿದಾಗ, ಇಡೀ ದೇಶದಲ್ಲಿ ಅವನ ಎಳೆಯ ಮಗ ಡೇವಿಡ್‌ನ ಪರವಾಗಿ ಉಳಿದಿದ್ದು ಐದೇ ಕೋಟೆಗಳು. ಅವುಗಳಲ್ಲಿ ಇದೂ ಒಂದು. ಕಿಲ್ಲೇದಾರ ರಾಬರ್ಟ್ ಲಾಡರ್ ಎಂಬವನು ಬಾಗಿಲು ತೆರೆಯಲಿಲ್ಲ.

ಆಮೇಲಿನ ಅಪಾಯ ದಕ್ಷಿಣದಿಂದಲ್ಲ, ಪಶ್ಚಿಮದಿಂದ ಬಂದಿತು. ಪಶ್ಚಿಮ ಕರಾವಳಿ ಮತ್ತು ದ್ವೀಪಗಳನ್ನು ಆಳುತ್ತಿದ್ದ ಮ್ಯಾಕ್‌ಡೊನಾಲ್ಡ್ ಮನೆತನದವರು ದ್ವೀಪಗಳ ಒಡೆಯರು ಎಂದು ಕರೆಸಿಕೊಳ್ಳುತ್ತಿದ್ದರು. ದೊರೆಯ ಮಾತು ಅವರಿಗೆ ಬೇಕಾದಾಗ ಮಾತ್ರ ಕೇಳಿಸುತ್ತಿತ್ತು. 1395ರಲ್ಲಿ ಅವರು ಅರ್ಕರ್ಟ್ ಕೋಟೆಯನ್ನು ಹಿಡಿದರು. ಅಲ್ಲಿಂದ ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಈ ಕಣಿವೆಯ ರೈತ ಯಾರಿಗೆ ಕಂದಾಯ ಕೊಡಬೇಕು, ಯಾರಿಂದ ದನ ಬಚ್ಚಿಡಬೇಕು ಎಂಬುದು ಪ್ರತಿ ತಲೆಮಾರಿಗೂ ಬದಲಾಗುತ್ತಿತ್ತು. ಕೋಟೆಯ ಒಡೆತನ ದಾಖಲೆಯಲ್ಲಿ ಒಬ್ಬರದು, ನೆಲದ ಮೇಲೆ ಇನ್ನೊಬ್ಬರದು.

1509ರಲ್ಲಿ ದೊರೆ ನಾಲ್ಕನೆಯ ಜೇಮ್ಸ್ ಇದಕ್ಕೊಂದು ಕೊನೆ ಹಾಡಲು ಹೊರಟ. ಫ್ರೂಕಿಯ ಜಾನ್ ಗ್ರಾಂಟ್ ಎಂಬ ಮುಖಂಡನಿಗೆ ಕೋಟೆಯನ್ನೂ ಸುತ್ತಲ ಭೂಮಿಯನ್ನೂ ಸನ್ನದು ಮಾಡಿಕೊಟ್ಟ. ಆದರೆ ಸುಮ್ಮನೆ ಕೊಡಲಿಲ್ಲ. ಗ್ರಾಂಟ್ ಏನೇನು ಕಟ್ಟಬೇಕು ಎಂಬುದನ್ನು ಆ ಸನ್ನದು ಒಂದೊಂದಾಗಿ ಹೇಳುತ್ತದೆ: ಕಳ್ಳರಿಂದಲೂ ದುಷ್ಟರಿಂದಲೂ ನೆಲವನ್ನು ಜನರನ್ನು ಕಾಯುವುದಕ್ಕೆ ಒಂದು ಗೋಪುರ, ಅದರ ಸುತ್ತ ಕಲ್ಲು ಸುಣ್ಣದ ಗೋಡೆ, ಒಳಗೆ ಒಂದು ಹಜಾರ, ಕೊಠಡಿ, ಅಡುಗೆಮನೆ, ಉಗ್ರಾಣ, ರೊಟ್ಟಿ ಸುಡುವ ಮನೆ, ಬಿಯರ್ ಕುದಿಸುವ ಮನೆ, ಎತ್ತಿನ ಕೊಟ್ಟಿಗೆ, ಕಾಳು ಒಣಗಿಸುವ ಗೂಡು, ಪಾರಿವಾಳದ ಮನೆ, ಬೇಲಿ ಹಾಕಿದ ಹಣ್ಣಿನ ತೋಟ.

ರಾಜಮಹಾರಾಜರ ಶಾಸನಗಳಲ್ಲಿ ಭೂಮಿಯ ಎಲ್ಲೆಗಳನ್ನು, ಬಿರುದುಗಳನ್ನು ಓದಿ ಅಭ್ಯಾಸವಾದವರಿಗೆ ಈ ಪಟ್ಟಿ ವಿಚಿತ್ರವಾಗಿ ಕಾಣಬಹುದು. ನನಗಂತೂ ಇದನ್ನು ಬರೆಸಿದವನು ಯಾರೋ ಸಂಸಾರವಂದಿಗನಾದ ಗುಮಾಸ್ತನೇ ಇರಬೇಕು ಅನ್ನಿಸಿತು. ಪಾಳು ಬಿದ್ದ ಕೋಟೆಯನ್ನು ಬರೀ ಸೈನಿಕರಿಂದ ಉಳಿಸಲಾಗುವುದಿಲ್ಲ, ಅಲ್ಲಿ ಒಂದು ಮನೆ ನಡೆಯಬೇಕು, ಒಲೆ ಉರಿಯಬೇಕು, ಕೊಟ್ಟಿಗೆಯಲ್ಲಿ ಸಗಣಿ ಬೀಳಬೇಕು ಎಂಬುದನ್ನು ಬಲ್ಲವನು. ಗ್ರಾಂಟ್ ಮನೆಯವರು ಈ ಷರತ್ತನ್ನು ಬಹುಮಟ್ಟಿಗೆ ನಡೆಸಿಕೊಟ್ಟರು. ಸರೋವರದ ಕಡೆಯ ತುದಿಯಲ್ಲಿ ಈಗಲೂ ಎತ್ತರವಾಗಿ ನಿಂತು, ಎಲ್ಲ ಚಿತ್ರಗಳಲ್ಲೂ ಕಾಣುವ ಗೋಪುರಕ್ಕೆ ಅವರದೇ ಹೆಸರು, ಗ್ರಾಂಟ್ ಟವರ್. ಸನ್ನದಿನ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಳದಲ್ಲಿ ನಡೆದರೆ ಆಟವಾಡಿದಂತಾಗುತ್ತದೆ. ನೀರಿನ ಕಡೆಯ ಗೋಡೆಗೆ ಒತ್ತಿಕೊಂಡಿರುವ ನೆಲಮಾಳಿಗೆಗಳ ಮೇಲೆ ಹಜಾರ ಮತ್ತು ಕೊಠಡಿಗಳಿದ್ದವು, ಅದರಾಚೆಗೆ ಅಡುಗೆಮನೆ. ಹುಲ್ಲಿನಲ್ಲಿ ಬಳೆಯಂತೆ ದುಂಡಗೆ ಉಳಿದಿರುವ ಮೊಳಕಾಲೆತ್ತರದ ಕಲ್ಲಿನ ಬುನಾದಿಯೇ ಪಾರಿವಾಳದ ಮನೆ. ಚಳಿಗಾಲದಲ್ಲಿ ದನಕ್ಕೆ ಮೇವು ಸಾಲದೆ ಶರತ್ಕಾಲದಲ್ಲೇ ಕಡಿದು ಉಪ್ಪು ಹಾಕಿಡುತ್ತಿದ್ದ ಕಾಲದಲ್ಲಿ, ಒಡೆಯನ ಊಟಕ್ಕೆ ಹಸಿ ಮಾಂಸ ಒದಗುತ್ತಿದ್ದುದು ಇಂಥ ಗೂಡುಗಳಿಂದ. ದೊರೆ ಅದನ್ನು ಷರತ್ತಿನಲ್ಲಿ ಸೇರಿಸಿದ್ದು ಪಕ್ಷಿಪ್ರೀತಿಯಿಂದಲ್ಲ.

ಸನ್ನದು ಆದ ನಾಲ್ಕೇ ವರ್ಷಕ್ಕೆ, ಅದನ್ನು ಕೊಟ್ಟ ದೊರೆ ಫ್ಲಾಡನ್ ಕಾಳಗದಲ್ಲಿ ಸತ್ತ; ಅದೇ ಹೊತ್ತಿಗೆ ಪಶ್ಚಿಮದ ಮ್ಯಾಕ್‌ಡೊನಾಲ್ಡರು ಬಂದು ಕೋಟೆಯನ್ನು ಹಿಡಿದು ದೋಚಿದರು. ಗ್ರಾಂಟರು ಮತ್ತೆ ಕಟ್ಟಿದರು. ನಿಜವಾದ ಏಟು ಬಿದ್ದಿದ್ದು 1545ರಲ್ಲಿ. ಮ್ಯಾಕ್‌ಡೊನಾಲ್ಡರೂ ಕ್ಯಾಮೆರಾನ್ ಮನೆತನದವರೂ ಕೂಡಿ ನಡೆಸಿದ ಆ ದಾಳಿಗೆ ಇಲ್ಲಿಯವರು ಇಂದಿಗೂ ಮಹಾಲೂಟಿ ಎನ್ನುತ್ತಾರೆ. ಗ್ರಾಂಟ್ ಒಡೆಯ ನ್ಯಾಯಾಲಯಕ್ಕೆ ಹೋಗಿ ಪರಿಹಾರ ಕೇಳಿದ್ದರಿಂದ, ಏನೇನು ಹೋಯಿತು ಎಂಬ ಪಟ್ಟಿ ನಮಗೆ ಉಳಿದಿದೆ. ಸುಮಾರು ಎರಡು ಸಾವಿರ ದನಗಳು. ಇಪ್ಪತ್ತು ಫಿರಂಗಿಗಳು. ಸರೋವರದಲ್ಲಿದ್ದ ಮೂರು ದೊಡ್ಡ ದೋಣಿಗಳು. ಇವು ಲೂಟಿಯಲ್ಲಿ ಹೋಗುವಂಥವೇ. ಆದರೆ ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ: ಗರಿ ತುಂಬಿದ ಹಾಸಿಗೆಗಳು, ಅವುಗಳ ದಿಂಬು, ಕಂಬಳಿ, ಪಾತ್ರೆ, ಬಾಣಲೆ, ಬಿಯರ್ ಕುದಿಸುವ ಹಂಡೆ, ಮಾಂಸ ಸುಡುವ ಕಬ್ಬಿಣದ ಸಲಾಕಿಗಳು, ಮಂಚ, ಕುರ್ಚಿ, ಬೀಗ, ಕೊನೆಗೆ ಕೋಟೆಯ ಬಾಗಿಲುಗಳು.

ನಮ್ಮಲ್ಲಿ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗಾದೆಯಿದೆ. ಅರ್ಕರ್ಟಿನವರಿಗೆ ಆ ಅವಕಾಶವೂ ಇರಲಿಲ್ಲ, ಹಾಕುವುದಕ್ಕೆ ಬಾಗಿಲೇ ಉಳಿದಿರಲಿಲ್ಲ. ದ್ವಾರಪಾಲಕರೆಂದೇ ಹೆಸರಾದವರು ಕಟ್ಟಿಸಿದ ಕೋಟೆಯ ಬಾಗಿಲನ್ನು ದೋಣಿಗೆ ಹಾಕಿಕೊಂಡು ಹೋದದ್ದನ್ನು ನೆನೆದು ನಾನು ಆ ಗಾಳಿಯಲ್ಲಿ ಒಬ್ಬನೇ ನಕ್ಕೆ. ಆದರೆ ಸ್ವಲ್ಪ ಹೊತ್ತು ಕುಳಿತು ಎರಡು ಪಟ್ಟಿಗಳನ್ನೂ ಎದುರುಬದುರು ಇಟ್ಟು ನೋಡಿದಾಗ ನಗು ನಿಂತಿತು. 1509ರ ಪಟ್ಟಿಯಲ್ಲಿ ದೊರೆ ಬಿಯರ್ ಕುದಿಸುವ ಮನೆ ಇರಲಿ ಎಂದ. 1545ರ ಪಟ್ಟಿಯಲ್ಲಿ ಆ ಮನೆಯ ಹಂಡೆ ಹೋಗಿದೆ. ದೊರೆ ಅಡುಗೆಮನೆ ಇರಲಿ ಎಂದ. ಅದರ ಬಾಣಲೆ ಹೋಗಿದೆ. ಎತ್ತಿನ ಕೊಟ್ಟಿಗೆ ಇರಲಿ ಎಂದ, ಎತ್ತು ಹೋಗಿದೆ. ಷರತ್ತನ್ನು ಗ್ರಾಂಟರು ಎಷ್ಟು ಚೆನ್ನಾಗಿ ನಡೆಸಿಕೊಟ್ಟಿದ್ದರು ಎಂಬುದಕ್ಕೆ ಕೊಳ್ಳೆಯ ಪಟ್ಟಿಯೇ ಸಾಕ್ಷಿ. ಮೂವತ್ತಾರು ವರ್ಷಗಳಲ್ಲಿ ಅವರು ಪಾಳು ಕೋಟೆಯನ್ನು ದೋಚಲು ಯೋಗ್ಯವಾದ ಮನೆಯನ್ನಾಗಿ ಮಾಡಿದ್ದರು. ಇಡೀ ಕೋಟೆಯಲ್ಲಿ ಜನ ಹೇಗೆ ಮಲಗುತ್ತಿದ್ದರು, ಏನು ಕುಡಿಯುತ್ತಿದ್ದರು, ಯಾವುದಕ್ಕೆ ಬೀಗ ಹಾಕುತ್ತಿದ್ದರು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಬರಹವನ್ನು ನಾನು ಕಂಡಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕಸ ತೆಗೆಯುವಾಗ ಸಿಕ್ಕಿದ ಒಂದು ಕಂಚಿನ ಹೂಜಿಯನ್ನು ಪ್ರವಾಸಿ ಕೇಂದ್ರದ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಊಟಕ್ಕೆ ಮುನ್ನ ಕೈಗೆ ನೀರು ಹಾಕುವ ಹೂಜಿ. ಯಾವುದೋ ಒಂದು ಲೂಟಿಯಲ್ಲಿ ಯಾರದೋ ಕಣ್ಣು ತಪ್ಪಿ ಉಳಿದುಕೊಂಡದ್ದು.

ಅಲ್ಲಿಂದ ಮುಂದೆ ಗ್ರಾಂಟರು ಗೋಪುರವನ್ನು ಮತ್ತೆ ದುರಸ್ತಿ ಮಾಡಿದರು, ಆದರೆ ಮನೆ ನಡೆಸುವ ಉತ್ಸಾಹ ಕುಗ್ಗಿತು. ಒಡೆಯರ ವಾಸ ಬೇರೆ ಕಡೆ, ಇಲ್ಲಿ ಕಾವಲು ಮಾತ್ರ. 1644ರಲ್ಲಿ, ಧರ್ಮದ ಹೆಸರಿನ ಒಳಜಗಳದ ಕಾಲದಲ್ಲಿ, ಇಲ್ಲಿ ಒಬ್ಬಳೇ ವಾಸವಾಗಿದ್ದ ಮನೆತನದ ವಿಧವೆ ಮೇರಿ ಒಗಿಲ್ವಿಯ ಮೇಲೆ ಪ್ರೆಸ್ಬಿಟೇರಿಯನ್ ಪಕ್ಷದ ಗುಂಪೊಂದು ಬಿದ್ದು ಇದ್ದದ್ದನ್ನೆಲ್ಲ ಹೊತ್ತೊಯ್ದಿತು. ಇಂಗ್ಲೆಂಡಿನಿಂದ ಕ್ರಾಮ್ವೆಲ್‌ನ ಸೈನ್ಯ ಬಂದಾಗ ಈ ಕೋಟೆಯನ್ನು ಬಳಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಇನ್ವರ್‌ನೆಸ್‌ನಲ್ಲಿ ಹೊಸದೊಂದನ್ನು ಕಟ್ಟಿಕೊಂಡಿತು. ಕೋಟೆಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಾರದು.

ಕೊನೆಯ ಸಲ ಅದು ಕೋಟೆಯಾಗಿ ಕೆಲಸ ಮಾಡಿದ್ದು 1689ರಲ್ಲಿ. ಹಿಂದಿನ ವರ್ಷವಷ್ಟೇ ದೊರೆ ಏಳನೆಯ ಜೇಮ್ಸ್ ದೇಶ ಬಿಟ್ಟು ಓಡಿಹೋಗಿದ್ದ; ಈಗ ವಿಲಿಯಂ ಮತ್ತು ಮೇರಿ ಸಿಂಹಾಸನಕ್ಕೆ ಬಂದಿದ್ದರು. ಜೇಮ್ಸ್‌ನ ಪಕ್ಷ ಹಿಡಿದವರನ್ನು ಜಾಕೊಬೈಟರು ಎನ್ನುತ್ತಿದ್ದರು. ಮಲೆನಾಡಿನ ಅನೇಕ ಮನೆತನಗಳು ಆ ಕಡೆಗಿದ್ದವು. ಗ್ರಾಂಟ್ ಮನೆತನದ ಆಗಿನ ಯಜಮಾನ ಲುಡೊವಿಕ್ ಹೊಸ ದೊರೆಗಳ ಪಕ್ಷ ವಹಿಸಿ, ತನ್ನ ಇನ್ನೂರು ಜನರನ್ನು ಕೋಟೆಯಲ್ಲಿರಿಸಿದ. ಸುಮಾರು ಐನೂರು ಜಾಕೊಬೈಟರು ಮುತ್ತಿಗೆ ಹಾಕಿದರು. ಒಳಗಿದ್ದವರು ಮೊದಲೇ ಸಾಮಗ್ರಿ ತುಂಬಿಸಿಕೊಂಡಿದ್ದರಿಂದ ಮಣಿಯಲಿಲ್ಲ. 1690ರ ಮೇ ತಿಂಗಳಲ್ಲಿ ಕ್ರಾಮ್‌ಡೇಲ್ ಎಂಬಲ್ಲಿ ಜಾಕೊಬೈಟರ ಸೈನ್ಯ ಮುರಿದುಬಿದ್ದಾಗ ಅಪಾಯ ತಪ್ಪಿತು. ಶತಮಾನಗಳ ಕಾಲ ಬಂದವರಿಗೆಲ್ಲ ಸುಲಿಗೆಯಾದ ಕೋಟೆ, ಕೊನೆಯ ಮುತ್ತಿಗೆಯಲ್ಲಿ ಗೆದ್ದಿತು.

ಗೆದ್ದದ್ದೇ ಅದಕ್ಕೆ ಮುಳುವಾಯಿತು. ಇನ್ನೂರು ಜನ ಐನೂರು ಜನರನ್ನು ತಡೆದು ನಿಲ್ಲಿಸಬಹುದಾದ ಜಾಗ ಎದುರಾಳಿಯ ಕೈಗೆ ಸಿಕ್ಕರೆ ಗತಿಯೇನು ಎಂಬ ಲೆಕ್ಕ ಸುಲಭವಾದದ್ದು. 1692ರಲ್ಲಿ ಕೊನೆಯ ಸೈನಿಕರು ಠಾಣೆ ಬಿಟ್ಟು ಹೊರಡುವಾಗ ಹೆಬ್ಬಾಗಿಲ ಕಟ್ಟಡದೊಳಗೆ ಮದ್ದು ತುಂಬಿ ಬೆಂಕಿ ಕೊಟ್ಟರು. ಎರಡು ದುಂಡು ಬುರುಜುಗಳ ನಡುವೆ ಕಮಾನಿನ ಓಣಿ ಇದ್ದ ಆ ಕಟ್ಟಡದ ಮೇಲಂತಸ್ತುಗಳು ಹಾರಿ ಬಿದ್ದವು. ನಾನು ಬಂಡೆಯೆಂದು ತಿಳಿದದ್ದು ಅದರಲ್ಲೊಂದು ತುಂಡು. ಮೂರು ಶತಮಾನಗಳ ಮಳೆ, ಹಿಮ, ಪಾಚಿ ಎಲ್ಲವೂ ಸೇರಿಯೂ ಆ ಗಾರೆಯನ್ನು ಬಿಡಿಸಲಾಗಿಲ್ಲ. ತುಂಡಿನ ಒಡೆದ ಮೈಯಲ್ಲಿ ಗೋಡೆಯ ಒಳಗುಟ್ಟು ಕಾಣುತ್ತದೆ: ಹೊರಮೈಗೆ ಆರಿಸಿ ಇಟ್ಟ ದೊಡ್ಡ ಕಲ್ಲು, ಒಳಗೆ ಕೈಗೆ ಸಿಕ್ಕ ಗುಂಡುಕಲ್ಲು ಚೂರುಗಳನ್ನು ಸುಣ್ಣದಲ್ಲಿ ಮುಳುಗಿಸಿ ತುಂಬಿದ ತಿರುಳು. ಬೆರಳಿನಿಂದ ಕೆರೆದು ನೋಡಿದೆ, ಒಂದು ಹರಳೂ ಉದುರಲಿಲ್ಲ. ಕಟ್ಟಿದವನ ಹೆಸರು ಯಾವ ಸನ್ನದಿನಲ್ಲೂ ಇಲ್ಲ.

ನಷ್ಟಕ್ಕೆ ಪಾರ್ಲಿಮೆಂಟು ಗ್ರಾಂಟರಿಗೆ ಎರಡು ಸಾವಿರ ಪೌಂಡ್ ಪರಿಹಾರ ಎಂದು ಗೊತ್ತುಮಾಡಿತಾದರೂ ಕೋಟೆಯ ಒಂದು ಕಲ್ಲೂ ಮತ್ತೆ ಮೇಲೇರಲಿಲ್ಲ. ಬಾಗಿಲಿಲ್ಲದ ಕೋಟೆಗೆ ಒಡೆಯರು ಬಹಳ. ಕಣಿವೆಯ ಜನ ಚಾವಣಿಯ ಸೀಸವನ್ನೂ, ಮರವನ್ನೂ, ಮನೆ ಕಟ್ಟಲು ಕಲ್ಲನ್ನೂ ಸಾಗಿಸಿದರು; ಇಷ್ಟು ತಲೆಮಾರು ಕೋಟೆಯ ಒಡೆಯರ ಜಗಳಕ್ಕೆ ತಮ್ಮ ದನ ತೆತ್ತವರು ಒಂದಿಷ್ಟು ಕಲ್ಲು ತೆಗೆದುಕೊಂಡದ್ದನ್ನು ಕಳ್ಳತನ ಎನ್ನಲು ನನಗೆ ಮನಸ್ಸಿಲ್ಲ. 1715ರಲ್ಲಿ ಬೀಸಿದ ಬಿರುಗಾಳಿಗೆ ಗ್ರಾಂಟ್ ಗೋಪುರದ ಒಂದು ಪಾರ್ಶ್ವ ಪೂರ್ತಿ ಕುಸಿಯಿತು. ಅದರಿಂದಾಗಿಯೇ ಈಗ ಗೋಪುರದ ಒಳಗು ಒಡೆದ ಗೂಡಿನಂತೆ ತೆರೆದುಕೊಂಡಿದೆ. ಒಂದರ ಮೇಲೊಂದು ಅಂತಸ್ತಿನ ಒಲೆಗಳು ನೆಲವಿಲ್ಲದೆ ಗೋಡೆಯಲ್ಲಿ ತೂಗುತ್ತಿವೆ, ತೊಲೆ ಕೂರಿಸಿದ್ದ ಚೌಕ ತೂತುಗಳಲ್ಲಿ ಕಾಗೆಯ ಜಾತಿಯ ಸಣ್ಣ ಹಕ್ಕಿಗಳು ಸಂಸಾರ ಹೂಡಿವೆ. ದೊರೆ ಕೇಳಿದ್ದ ಪಾರಿವಾಳದ ಮನೆ ಹುಲ್ಲು ಸೇರಿದೆ, ದೊರೆ ಕೇಳದ ಹಕ್ಕಿಗಳು ಗೋಪುರ ಹಿಡಿದಿವೆ.

ಗ್ರಾಂಟ್ ವಂಶದ ಆಸ್ತಿ ಕೊನೆಗೆ ಬಂದದ್ದು ಸೀಫೀಲ್ಡಿನ ಕೌಂಟೆಸ್ ಕ್ಯಾರೊಲೈನ್ ಕೈಗೆ. 1911ರಲ್ಲಿ ಆಕೆ ತೀರಿಕೊಂಡಾಗ ಕೋಟೆಯನ್ನು ಸರ್ಕಾರ ನೋಡಿಕೊಳ್ಳಲಿ ಎಂದು ಉಯಿಲಿನಲ್ಲಿತ್ತು. 1913ರಲ್ಲಿ ಅದು ಸರ್ಕಾರದ ಸುಪರ್ದಿಗೆ ಬಂದಿತು. ಅವಶೇಷದ ರಾಶಿ ತೆಗೆಸಿ, ಹುಲ್ಲು ಬೆಳೆಸಿ, ಗೋಡೆ ತಲೆಗಳಿಗೆ ನೀರಿಳಿಯದಂತೆ ಭದ್ರ ಮಾಡಿದರು. ಇಪ್ಪತ್ತು ವರ್ಷ ಕಳೆದು, 1933ರಲ್ಲಿ ಸರೋವರದ ಈ ದಡದ ರಸ್ತೆಯನ್ನು ಹೊಸದಾಗಿ ಮಾಡಿದರು. ಆ ವರ್ಷದ ಮೇ ತಿಂಗಳಲ್ಲಿ ಇನ್ವರ್‌ನೆಸ್‌ನ ಪತ್ರಿಕೆಯೊಂದರಲ್ಲಿ ಸರೋವರದೊಳಗೆ ತಿಮಿಂಗಿಲದಂಥದ್ದೇನೋ ಹೊರಳಾಡಿದ ಸುದ್ದಿ ಬಂದಿತು. ಮುಂದಿನ ವರ್ಷ ಉದ್ದ ಕತ್ತಿನ ಆ ಪ್ರಸಿದ್ಧ ಛಾಯಾಚಿತ್ರ ಬಂದಿತು. ಅದು ಆಟಿಕೆ ಜಲಾಂತರ್ಗಾಮಿಗೆ ಕತ್ತು ಅಂಟಿಸಿ ತೆಗೆದದ್ದೆಂದು ಅರವತ್ತು ವರ್ಷ ಬಿಟ್ಟು ಗೊತ್ತಾಯಿತು. 2018ರಲ್ಲಿ ವಿಜ್ಞಾನಿಗಳು ನೀರಿನ ಮಾದರಿಗಳಲ್ಲಿ ಜೀವಿಗಳ ಡಿಎನ್‌ಎ ಹುಡುಕಿದಾಗ ಹೇರಳವಾಗಿ ಸಿಕ್ಕಿದ್ದು ಹಾವುಮೀನಿನ ಗುರುತು. ಇದಾವುದೂ ಜನರ ನಂಬಿಕೆಯನ್ನು ಕದಲಿಸಿಲ್ಲ, ಕದಲಿಸುವ ಅಗತ್ಯವೂ ಇಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಜನ ಟಿಕೆಟ್ ಕೊಂಡು ಬರುವುದರಿಂದಲೇ ಗೋಡೆಗಳಿಗೆ ಗಾರೆ ಸಿಗುತ್ತಿದೆ. ನಿಜವಾಗಿ ಈ ನೀರು ನುಂಗಿದ್ದು ಬೇರೆ ಕೆಲವನ್ನು. 1940ರ ಕೊನೆಯ ದಿನ ಎಂಜಿನ್ ಕೆಟ್ಟು ಇಲ್ಲಿ ಇಳಿದು ಮುಳುಗಿದ ವೆಲಿಂಗ್ಟನ್ ಬಾಂಬರ್ ವಿಮಾನವನ್ನು 1985ರಲ್ಲಿ ಮೇಲೆತ್ತಿದರು. 1952ರ ಸೆಪ್ಟೆಂಬರಿನಲ್ಲಿ ನೀರಿನ ಮೇಲಿನ ವೇಗದ ದಾಖಲೆ ಮುರಿಯಲು ಬಂದ ಜಾನ್ ಕಾಬ್ ತನ್ನ ದೋಣಿ ಒಡೆದು ಚೂರಾಗಿ ಸತ್ತ. ಕೋಟೆಗೆ ದೂರವಿಲ್ಲದ ರಸ್ತೆ ಬದಿಯಲ್ಲಿ ಕಣಿವೆಯ ಜನ ಅವನಿಗೊಂದು ಕಲ್ಲಿನ ಸ್ಮಾರಕ ಕಟ್ಟಿದ್ದಾರೆ.

ಹೊರಡುವ ಮೊದಲು ಹೆಬ್ಬಾಗಿಲ ಒಳಗಿನ ಸಣ್ಣ ಸೆರೆಕೋಣೆಗೆ ಹೋದೆ. ಮದ್ದಿನ ಏಟಿಗೆ ಮೇಲಿನದೆಲ್ಲ ಹಾರಿಹೋದರೂ ಕೆಳಗಿನ ಈ ಗೂಡು ಉಳಿದಿದೆ. ದನಗಳ್ಳನೂ ಗೇಲಿಕ್ ಕವಿಯೂ ಆಗಿದ್ದ ಡೊನಲ್ ಡೌನ್ ಎಂಬವನು ಗ್ರಾಂಟ್ ಯಜಮಾನನ ಮಗಳನ್ನು ಪ್ರೀತಿಸಿ ಸಿಕ್ಕಿಬಿದ್ದು ಇಲ್ಲಿ ಸೆರೆಯಲ್ಲಿದ್ದನೆಂದು ಐತಿಹ್ಯ. ತಲೆ ಬಗ್ಗಿಸಿ ಒಳಗೆ ನಿಂತಾಗ ನನಗೆ ನೆನಪಾದದ್ದು ಅವನಲ್ಲ, ಶ್ರೀರಂಗಪಟ್ಟಣದ ಕರ್ನಲ್ ಬೈಲಿಯ ಸೆರೆಮನೆ. ಮೈಸೂರಿನ ಶಾಲೆಗಳಲ್ಲಿ ಓದಿದವರಿಗೆಲ್ಲ ಅದು ಗೊತ್ತು: ಕಾವೇರಿ ಕಡೆಗೆ ಮೆಟ್ಟಿಲಿಳಿದು ಹೋದರೆ ಸುಣ್ಣ ಬಳಿದ ಕಮಾನುಗಳ ತಂಪಾದ ನೆಲಮಾಳಿಗೆ, ಗೋಡೆಯಲ್ಲಿ ಕೈದಿಗಳನ್ನು ಬಿಗಿಯುತ್ತಿದ್ದ ಕಲ್ಲಿನ ಚಪ್ಪಡಿಗಳು, ಮೇಲಿನಿಂದ ಚಾವಣಿ ಒಡೆದುಕೊಂಡು ಬಿದ್ದ ಫಿರಂಗಿ. ಮೇಷ್ಟರು ಹೇಳಿದ್ದನ್ನು ಬರೆದುಕೊಂಡೆವೇ ಹೊರತು, ಆ ಬೈಲಿ ಎಲ್ಲಿಯವನು ಎಂದು ನಾವು ಯಾರೂ ಕೇಳಿರಲಿಲ್ಲ.

ವಿಲಿಯಂ ಬೈಲಿ ಈ ಸೀಮೆಯವನೇ. ಇನ್ವರ್‌ನೆಸ್ ಬಿಟ್ಟು ಈ ಕೋಟೆಯ ದಾರಿ ಹಿಡಿದರೆ ಪಟ್ಟಣ ದಾಟಿದ ಸ್ವಲ್ಪ ಹೊತ್ತಿಗೇ ಸಿಗುವ ಡನೇನ್ ಅವನ ಮನೆತನದ ನೆಲೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಅವನ ಈಸ್ಟ್ ಇಂಡಿಯಾ ಕಂಪನಿ ದಂಡನ್ನು ಮುರಿದರು; ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕುಳಿತಂತೆ ಬರೆದಿರುವ ಗಾಯಾಳು ಅವನೇ. ಅವನ ಜೊತೆಗಿದ್ದವರಲ್ಲಿ ಇದೇ ಮಲೆನಾಡಿನಲ್ಲಿ ಕಟ್ಟಿದ 73ನೆಯ ಹೈಲ್ಯಾಂಡರ್ ಪಡೆಯ ಸೈನಿಕರೂ ಇದ್ದರು. ಆ ಪಡೆಯನ್ನು ಕಟ್ಟಿದ ಲಾರ್ಡ್ ಮೆಕ್ಲಿಯೋಡ್ ಸ್ವತಃ 1745ರ ಜಾಕೊಬೈಟ್ ಬಂಡಾಯದಲ್ಲಿ ದೊರೆಯ ವಿರುದ್ಧ ನಿಂತು ಆಸ್ತಿ ಕಳೆದುಕೊಂಡವನು. ಅದೇ ಪಡೆಯ ಕ್ಯಾಪ್ಟನ್ ಆಗಿ ಸೆರೆಸಿಕ್ಕ ಡೇವಿಡ್ ಬೇರ್ಡ್ 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಬಿರುಕಿಗೆ ನುಗ್ಗಿದ ದಂಡಿನ ಮುಂದಾಳು. ಬೈಲಿಗೆ ಆ ದಿನ ನೋಡಲು ಸಿಗಲಿಲ್ಲ. ಅವನು 1782ರಲ್ಲಿ ಸೆರೆಯಲ್ಲೇ ಸತ್ತ. ಗುಂಬಜ್‌ನ ಹತ್ತಿರ ಅವನ ಸ್ಮಾರಕವಿದೆ, 1816ರಲ್ಲಿ ಅವನ ಬಂಧು ಜಾನ್ ಬೈಲಿ ಕಟ್ಟಿಸಿದ್ದು. ಸ್ಕೂಲ್ ಟ್ರಿಪ್ಪಿನಲ್ಲಿ ನಾವು ಅದರ ನೆರಳಲ್ಲಿ ಕುಳಿತು ಚಿತ್ರಾನ್ನ ತಿಂದಿದ್ದೆವು.

ಮುಚ್ಚುವ ಹೊತ್ತಾಯಿತೆಂದು ಸಿಬ್ಬಂದಿ ಎಲ್ಲರನ್ನೂ ಮೇಲಕ್ಕೆ ಕಳಿಸತೊಡಗಿದರು. ಬಸ್ಸಿನಲ್ಲಿ ನಾನು ಕಿಟಕಿಯ ಬದಿ ಕುಳಿತು, ಇನ್ವರ್‌ನೆಸ್ ಹತ್ತಿರವಾದಂತೆ ಗಾಜಿಗೆ ಕೈ ಅಡ್ಡ ಹಿಡಿದು ಹೊರಗೆ ನೋಡುತ್ತಿದ್ದೆ. ಕತ್ತಲಾಗಿತ್ತು, ಕಂಡದ್ದು ಸಾಲುಮರ, ಗುಡ್ಡದ ಮೇಲೊಂದು ದೀಪ.

"ಏನು ಹುಡುಕ್ತಿದ್ದೀರಪ್ಪಾ?" ಎಂದಳು ಮಗಳು.

"ಬೈಲಿ ಮನೆ" ಎಂದೆ.

ಅವಳು ಮೊಬೈಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. "ಯಾವ ಬೈಲಿ? ನಮ್ಮ ಶ್ರೀರಂಗಪಟ್ಟಣದ ಬೈಲಿನಾ?"